ಓದಿದೆ, ಸರಿಯಿದೆ

ಪಕ್ಕದ ಮನೆಯ ಹೆಣ್ಣುಮಗಳು ಕವಯಿತ್ರಿ ಎಂದು ನಾನು ಬಹಳ ಕಾಲ ನಂಬಿದ್ದೆ. ದಿನವಿಡೀ ಕಿಟಕಿ ಪಕ್ಕ ಕೂತು ಪರದೆಯನ್ನು ದಿಟ್ಟಿಸುವುದು, ತನ್ನಷ್ಟಕ್ಕೆ ಗೊಣಗುವುದು, ಸಂಜೆಗೆ ಒಂದು ಸಾಲು ಬರೆದು ಅದನ್ನೂ ಅಳಿಸುವುದು. ಇನ್ನೇನು ಬೇಕು? ನನ್ನ ಪದ್ಯಗಳ ಕಟ್ಟನ್ನೇ ಒಯ್ದು ಕೊಟ್ಟೆ. ತಿರುವಿ ನೋಡಿ, "ಅಂಕಲ್, ಇದ್ರಲ್ಲಿ ತೆಗೆಯೋದು ತುಂಬಾ ಇದೆ" ಎಂದಳು. ಆಮೇಲೆ ತನ್ನ ಕಸುಬು ಹೇಳಿದಳು.

ಕಂಪ್ಯೂಟರಿನಿಂದ ಹೊರಡುವ ಮಾಹಿತಿ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಸಾಲಲ್ಲಿ ನಿಲ್ಲುತ್ತದಂತೆ. ಯಾವುದು ಮೊದಲು ಹೋಗಬೇಕೆಂದು ಕರ್ನಲ್ ಎಂಬ ಒಳಗಿನ ಯಜಮಾನ ಹೇಳುತ್ತಾನೆ. ದೇಶದೇಶದ ಜನ ಎಲ್ಲರ ಕಣ್ಣೆದುರೇ ಸೇರಿ ಬರೆಯುವ ಪ್ರೋಗ್ರಾಂ ಅದು. ಸಾಲು ಕಾಯುವ ಭಾಗದ ಉಸ್ತುವಾರಿ ಇವಳದು. ವರ್ಷಗಟ್ಟಲೆ ಬೆನ್ನು ಬಗ್ಗಿಸಿ ಸಂಪಾದಿಸಿದ್ದು.

"ಕೆಲಸ ಮುಗಿದ ಪ್ಯಾಕೆಟ್ಟಿನ ಜಾಗ ಖಾಲಿ ಮಾಡ್ಬೇಕು. ಅದಕ್ಕೂ ಮೊದ್ಲು ಬೇರೆ ಯಾರೂ ಮುಟ್ಟದ ಹಾಗೆ ಲಾಕ್ ಹಾಕ್ಬೇಕು. ಇಲ್ಲಾಂದ್ರೆ ಒಬ್ರು ಕೂರ್ತಿರುವಾಗ್ಲೇ ಇನ್ನೊಬ್ರು ಕುರ್ಚಿ ಎಳೆದ ಹಾಗೆ."

ಅಂಥದೊಂದು ದೋಷವನ್ನು ತಿದ್ದುವಾಗ ಒಂದು ಕಡೆ ಅವಳಿಗೇ ಅನುಮಾನ ಬಂತು. ಇನ್ನೊಬ್ಬರು ಓದಿ ಒಪ್ಪದೆ ತಿದ್ದುಪಡಿ ಮುಂದೆ ಹೋಗುವುದಿಲ್ಲ. ಗಂಡನ ಅಣ್ಣ ಅದೇ ಕಸುಬಿನವನು, ಇವಳಿಗೆ ಕೈಹಿಡಿದು ಕಲಿಸಿದವನು. "ಭಾವ, ಈ ಜಾಗದಲ್ಲಿ ಲಾಕ್ ಮೊದಲಾ, ಖಾಲಿ ಮಾಡೋದು ಮೊದಲಾ?" ಎಂದು ಕೇಳಿ ತಿದ್ದುಪಡಿಯನ್ನು ಅವನೊಬ್ಬನಿಗೇ ಕಳಿಸಿದಳು. ಕಾಫಿ ಆರುವುದರೊಳಗೆ ಉತ್ತರ ಬಂತು: "ಓದಿದೆ, ಸರಿಯಿದೆ."

ಭಾವನ ಮಾತೆಂದರೆ ಮುಗಿಯಿತು. ತಿದ್ದುಪಡಿ ಹೋಯಿತು, ಹೋದಲ್ಲೆಲ್ಲ ಯಂತ್ರಗಳು ಮಕಾಡೆ ಮಲಗಿದವು. ಭಾವ ಎಲ್ಲರೆದುರು ಬರೆದ: "ನಾನು ಆಗಲೇ ಎಚ್ಚರಿಸಿದ್ದೆ. ಹುಡುಗಿ ಅವಸರ ಮಾಡಿದಳು." ಉಸ್ತುವಾರಿ ಇವಳ ಕೈತಪ್ಪಿ ಅವನ ಕೈಸೇರಿತು.

ಪದ್ಯದ ಕಟ್ಟು ವಾಪಸು ತರಲು ನಾನು ಹೋದಾಗ ಅವಳು ಫೋನಿನಲ್ಲಿದ್ದಳು. ಸ್ಪೀಕರ್ ಹಾಕಿತ್ತು.

"ನಿಜ ಹೇಳಿ ಭಾವ, ಓದಿದ್ರಾ?"

"ನಿನ್ನ ಮೇಲೆ ಅಷ್ಟು ನಂಬಿಕೆ ಕಣಮ್ಮ, ಓದೋದೇನು ಬಂತು!"

"ಮತ್ತೆ ಎಚ್ಚರಿಸಿದ್ದೆ ಅಂತ ಬರೆದ್ರಲ್ಲ?"

"ಮನೆಯವರು ಒಬ್ರಾದ್ರೂ ಉಳೀಬೇಕಲ್ವೇನಮ್ಮ?"

ಒಗೆದ ಬಟ್ಟೆ ಮಡಚುತ್ತಿದ್ದ ಗಂಡ ಸಮಾಧಾನ ಹೇಳಿದ: "ಅಣ್ಣನ ಹತ್ರ ಇದ್ರೇನು, ನಿನ್ನ ಹತ್ರ ಇದ್ರೇನು? ಮನೇಲೇ ಇದೆಯಲ್ಲ."

ಅವಳು ಅವನನ್ನು ನೋಡಿದ ನೋಟಕ್ಕೆ ನಾನು ನನ್ನ ಕಟ್ಟನ್ನು ಅಲ್ಲೇ ಬಿಟ್ಟು ಬಂದೆ.

ಆ ವಾರವೇ ಅವಳು ದೋಷ ಸರಿಪಡಿಸಿದಳು. ಒಂದೇ ಸಾಲನ್ನು ಮೇಲಕ್ಕೆ ಸರಿಸಿದ್ದು, ಅಷ್ಟೆ: ಮೊದಲು ಲಾಕ್, ಆಮೇಲೆ ಖಾಲಿ. ತಪ್ಪು ಹೇಗಾಯಿತೆಂದು ತಿದ್ದುಪಡಿಯ ಜೊತೆ ವಿವರಿಸುವ ಪದ್ಧತಿಯಿದೆ. ಅವಳು ಬರೆದಳು: "ಅನುಮಾನವಿದೆ ಎಂದು ನಾನು ಕೇಳಿದ್ದೆ. ನನ್ನ ಭಾವ ಓದದೆ ಒಪ್ಪಿದ್ದರಿಂದ ಇದು ಉಳಿಯಿತು." ಒಪ್ಪಬೇಕಾದ ಹೊಸ ಉಸ್ತುವಾರಿ ಅದೇ ಭಾವ. ಅವನ ಒಪ್ಪಿಗೆ ತಕ್ಷಣ ಬಂತು. ಈಗ ಆ ವಿವರಣೆ ಅವನ ಹೆಸರಿನ ಸಮೇತ, ಯಾರೂ ಅಳಿಸಲಾಗದಂತೆ ಅಲ್ಲಿದೆ.

ಅವಳು ಇದನ್ನು ಹೇಳಿದಾಗ ನಾನು ಕೈಮುಗಿದೆ. "ತನ್ನ ತಪ್ಪನ್ನ ತಾನೇ ಓದಿ ಒಪ್ಕೊಂಡ್ರಾ? ಎಂಥ ದೊಡ್ಡ ಮನಸ್ಸಮ್ಮ ನಿಮ್ಮ ಭಾವಂದು!"

"ಓದೋ ಮನುಷ್ಯ ಆಗಿದ್ರೆ ಅಂಕಲ್, ಉಸ್ತುವಾರಿ ಇನ್ನೂ ನನ್ನ ಹತ್ರಾನೇ ಇರ್ತಿತ್ತು."