ಮುಗಿಯದ ಸೀರೆ ನೇಯ್ದವರು

ಗಾಂಧಿಪುರಂ ನಿಲ್ದಾಣದಲ್ಲಿ ತಿರುಪ್ಪೂರು ಬಸ್ಸು ಹತ್ತಿದಾಗ ಪಕ್ಕದಲ್ಲಿ ಕೂತ ಹೆಣ್ಣುಮಗಳು ಫೋನಿನಲ್ಲಿ ಕನ್ನಡ ಮಾತಾಡಿದಳು. ಈ ತಮಿಳು ಸೀಮೆಯಲ್ಲಿ ಕನ್ನಡ ಕಿವಿಗೆ ಬಿದ್ದರೆ ನಾನು ಬಿಡುತ್ತೇನಾ? ಮಾತಿಗೆಳೆದೆ. ಮೈಸೂರಿನವಳಂತೆ, ಪುರಾಣದ ಕಥೆಯೊಂದನ್ನು ಸಾಹಸದ ಕಾದಂಬರಿ ಮಾಡುತ್ತಿದ್ದಾಳಂತೆ.

"ಕುದುರೆ, ಕತ್ತಿ ಎಲ್ಲ ಬರೆದಾಯ್ತು ತಾತ. ತುಂಬಿದ ಸಭೆಯಲ್ಲಿ ರಾಣಿಯ ಸೀರೆ ಎಳೆದಷ್ಟೂ ಮುಗಿಯಲ್ಲವಲ್ಲ, ಅಲ್ಲೇ ಸಿಕ್ಕಿಕೊಂಡಿದ್ದೀನಿ. ಪವಾಡ ಬೇಡ, ಮನುಷ್ಯರೇ ಮಾಡಿರಬೇಕು."

"ಮನುಷ್ಯರೇ ಕಣಮ್ಮ. ಅದನ್ನ ನೇಯ್ದದ್ದು ನಮ್ಮ ವಂಶ," ಎಂದೆ. "ಮಗ್ಗದಲ್ಲಿ ಉದ್ದಕ್ಕೆ ಹಾಕಿದ ಹಾಸು ಮುಗಿಯೋ ಮುಂಚೆ, ಹೊಸ ಹಾಸಿನ ಎಳೆಗಳನ್ನ ಹಳೇದರ ತುದಿಗೆ ಒಂದೊಂದಾಗಿ ಹೊಸೆದು ಸೇರಿಸ್ತೀವಿ. ಕತ್ತರಿ ಹಾಕದಿದ್ರೆ ಬಟ್ಟೆಗೆ ಕೊನೆ ಎಲ್ಲಿದೆ? ಮಗ್ಗ ಸಭೆಯ ಗೋಡೆ ಹಿಂದೆ ಇತ್ತು."

ಸರಸರನೆ ಬರೆದುಕೊಂಡವಳು ಪೆನ್ನು ನಿಲ್ಲಿಸಿದಳು. "ಒಂದು ಸೀರೆಗೆ ಎಷ್ಟು ದಿನ ತಾತ?"

"ಮೂರು."

"ಸಭೇಲಿ ಸೀರೆ ಎಳೆಯೋನು ಅಲ್ಲಿವರೆಗೂ ಕಾಯ್ತಿದ್ನಾ?"

ನಾನು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡೆ. "ನಮ್ಮ ಮುತ್ತಜ್ಜನ ಕೈ ನೋಡಿಲ್ಲ ನೀನು!"

ಅವಳು ನಕ್ಕು, ಪುಸ್ತಕದಲ್ಲಿ ನನ್ನ ಹೆಸರು ಹಾಕುತ್ತೇನೆ ಎಂದು ಹೆಸರು, ವಿಳಾಸ ಬರೆದುಕೊಂಡಳು.

ವರ್ಷ ಕಳೆದ ಮೇಲೆ ಪುಸ್ತಕ ಅಂಚೆಯಲ್ಲಿ ಬಂತು. ನನಗೆ ಓದು ಬರುವುದಿಲ್ಲ. ನಮ್ಮ ಬೀದಿಯಲ್ಲಿ ಮನೆಮಾತು ಕನ್ನಡವೇ ಆದರೂ ಶಾಲೆಯಲ್ಲಿ ಕಲಿತದ್ದು ತಮಿಳು, ಕನ್ನಡದ ಅಕ್ಷರ ಯಾರಿಗೂ ಗೊತ್ತಿಲ್ಲ. ಹೆಸರು ಎಲ್ಲಿ ಎಂದು ಕೇಳಿದವರಿಗೆ ಕೈಗೆ ಸಿಕ್ಕ ಪುಟ ತೆಗೆದು ತೋರಿಸುತ್ತೇನೆ. ಈವರೆಗೆ ಯಾರೂ ತಪ್ಪು ಅಂದಿಲ್ಲ.