ಅಜ್ಜಿ ಕಂಡ ಕಳೆ

ಹರಿಹರದ ಸೇತುವೆಯ ಮೇಲೆ ಕಾರೊಂದು ಹಬೆಯುಗುಳುತ್ತ ನಿಂತಿತ್ತು. ಅರವತ್ತರ ದಶಕದ ಆರಂಭ. ಕಾರು ಕಂಡಲ್ಲಿ ಸೈಕಲ್ಲಿನಿಂದ ಇಳಿಯುವ ಹುಚ್ಚು ನನಗೆ. ಜೇಬಿನಲ್ಲಿ ಸದಾ ಇರುತ್ತಿದ್ದ ಸ್ಪ್ಯಾನರ್ ತೆಗೆದು ಸಡಿಲಾಗಿದ್ದ ಫ್ಯಾನ್ ಬೆಲ್ಟ್ ಬಿಗಿದೆ, ಹೊಳೆಯಿಂದ ನೀರು ತಂದು ರೇಡಿಯೇಟರಿಗೆ ತುಂಬಿದೆ. ಹಿಂದಿನ ಸೀಟಿನಲ್ಲಿದ್ದ, ನಂದಿಗುಡಿ ಊರಿನ ಅಜ್ಜಿಯೊಬ್ಬರು ನನ್ನ ಮುಖವನ್ನೇ ನೋಡುತ್ತಿದ್ದರು.

"ದಾವಣಗೆರ್ಯಾಗ ನನಗೆ ಸೀರೆ ತೋರ್ಸಿದಾತ ನೀನೇ ಅಲ್ಲೇನಪ್ಪ? ಅಂಗಡ್ಯಾಗ ನಿನ್ನ ಮಕದಾಗೆ ಈ ಕಳೆ ಇರ್ಲಿಲ್ಲ ನೋಡು."

ಅದು ನಮ್ಮದೇ ಬಟ್ಟೆ ಅಂಗಡಿ. ಅಪ್ಪನ ನಂತರ ಹಿರಿಯ ಮಗನಾದ ನಾನೇ ನಡೆಸಬೇಕಿತ್ತು. ಸ್ಪ್ಯಾನರ್ ಒರೆಸಿ ಜೇಬಿಗಿಟ್ಟೆ.

ನನಗೆ ಮೂವತ್ತು ತುಂಬಿದ ಆ ವರ್ಷ ಆಯುಧಪೂಜೆಯಂದು ಅಂಗಡಿಯಲ್ಲಿ ಬಟ್ಟೆ ಅಳೆಯುವ ಗಜಕೋಲು, ಕತ್ತರಿಗಳ ಪಕ್ಕ ನನ್ನ ಸ್ಪ್ಯಾನರನ್ನೂ ಇಟ್ಟೆ. ಅಪ್ಪ ಅದಕ್ಕೂ ವಿಭೂತಿ ಹಚ್ಚಿದರು. ಪೂಜೆ ಮುಗಿದ ಮೇಲೆ ಗಜಕೋಲನ್ನು ನನ್ನ ತಮ್ಮನ ಕೈಗೆ ಕೊಟ್ಟರು.