ಹನ್ನೊಂದು ಸೆಕೆಂಡಿನ ಹೇಮಾಶ್ರೀ

ಹಳೇಬೀಡಿನ ಬಸ್‌ಸ್ಟ್ಯಾಂಡಿನ ಎದುರು, ಎಳನೀರು ಮಾರುವವರ ಹಿಂದೆ, ‘ನಂದಿ ಸ್ಟುಡಿಯೋ’ ಅಂತ ಒಂದು ಬೋರ್ಡಿದೆ. ಅದರ ಮಾಲೀಕ ಕರಿಬಸವಯ್ಯ, ಊರಿನವರ ಬಾಯಲ್ಲಿ ಅಯ್ನೋರು. ವಯಸ್ಸು ಅರವತ್ತಾಯಿತು. ಮನುಷ್ಯ ಒಳ್ಳೆಯವನೇ, ಇಲ್ಲ ಅನ್ನುವ ಹಾಗಿಲ್ಲ. ಆದರೆ ಹಟ ಅಂದರೆ ಹಟ. ಒಂದು ಸಲ ತಲೆಗೆ ಹೊಕ್ಕಿದ್ದನ್ನು ಹೊರಗೆ ಎಳೆಯುವುದಕ್ಕೆ ಮೂವತ್ತೈದು ವರ್ಷ ಸಂಸಾರ ಮಾಡಿದ ಬಸಮ್ಮನ ಕೈಯಲ್ಲೂ ಆಗಿಲ್ಲ.

ಹದಿನೆಂಟನೇ ವಯಸ್ಸಿಗೆ ಅರಸೀಕೆರೆಯ ಸ್ಟುಡಿಯೋ ಒಂದರ ಕತ್ತಲೆ ಕೋಣೆಯಲ್ಲಿ ಅವನು ಕೆಲಸ ಕಲಿತ. ಆಮೇಲೆ ಎಷ್ಟೋ ವರ್ಷ ಹೊಯ್ಸಳೇಶ್ವರ ದೇವಸ್ಥಾನದ ಮುಂದೆ ಕ್ಯಾಮೆರಾ ನೇತುಹಾಕಿಕೊಂಡು ನಿಂತು, ಬಂದವರನ್ನೆಲ್ಲ ನಂದಿಯ ಪಕ್ಕ ನಿಲ್ಲಿಸಿ ಫೋಟೋ ಹಿಡಿದ. ಎಲ್ಲರ ಕೈಗೂ ಫೋನು ಬಂದ ಮೇಲೆ ಅವನನ್ನು ಕೇಳುವವರಿಲ್ಲ. ಮದುವೆ, ನಾಮಕರಣ, ಗೃಹಪ್ರವೇಶ ಅಂತ ಹೇಗೋ ಹೊಟ್ಟೆ ತುಂಬಿತು. ಆ ಕತ್ತಲೆ ಕೋಣೆಯಿಂದ ಅವನು ಹೊತ್ತುಕೊಂಡು ಬಂದ ಪಾಠ ಒಂದೇ: ನೆಗೆಟಿವ್ ಒಂದೇ ಇರುತ್ತೆ, ಅದನ್ನು ಕಣ್ಣಿನ ಹಾಗೆ ಕಾಯಬೇಕು. ಕಂಪ್ಯೂಟರ್ ಬಂದರೂ ಆ ಪಾಠ ಬಿಡಲಿಲ್ಲ. ಕಾರ್ಡಿನಿಂದ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ಹಾರ್ಡ್ ಡಿಸ್ಕಿಗೆ, ಎಲ್ಲವೂ ಕಟ್ ಮತ್ತು ಪೇಸ್ಟ್. ಕಾಪಿ ಅನ್ನುವುದನ್ನು ಅವನು ಮುಟ್ಟಲೇ ಇಲ್ಲ.

“ಅಸಲು ಅನ್ನೋದು ಒಂದೇ ಇರ್ಬೇಕು ಕಣ್ರೀ. ಎರಡು ಮಾಡಿದ್ರೆ ಯಾವ್ದು ಅಸಲು, ಯಾವ್ದು ನಕಲು?” ಅಂತ ಎದುರಿಗೆ ಸಿಕ್ಕವರಿಗೆಲ್ಲ ಉಪದೇಶ ಬೇರೆ.

ಊರಲ್ಲಿ ಯಾರಾದರೂ ತೀರಿಕೊಂಡರೆ ಮಾರನೇ ದಿನ ಮನೆಯವರು ಬರುತ್ತಿದ್ದುದು ನಂದಿ ಸ್ಟುಡಿಯೋಗೆ. “ಅಯ್ನೋರೆ, ನಮ್ಮಜ್ಜಿದು ಒಂದೂ ಫೋಟೋ ಇಲ್ಲ” ಅಂತ ತಲೆ ಕೆರೆದುಕೊಂಡು ನಿಲ್ಲುತ್ತಿದ್ದರು. ಕರಿಬಸವಯ್ಯ ಕಣ್ಣು ಮುಚ್ಚಿ ಯೋಚಿಸಿ, “ನಿಮ್ಮ ಚಿಕ್ಕಪ್ಪನ ಮಗಳ ಧಾರೆಲಿ ಕಂಬಕ್ಕೆ ಒರಗಿ ನಿಂತಿತ್ತಲ್ಲಪ್ಪ ನಿಮ್ಮಜ್ಜಿ” ಅನ್ನುತ್ತಿದ್ದ. ಡಿಸ್ಕು ಜೋಡಿಸಿ, ಆ ಮದುವೆ ಹುಡುಕಿ, ಕಂಬದ ಪಕ್ಕದ ಮುಖ ಕತ್ತರಿಸಿ, ಹಿಂದೆ ನೀಲಿ ಬಣ್ಣ ಕೊಟ್ಟು, ಸಂಜೆಯೊಳಗೆ ಕಟ್ಟು ಹಾಕಿಸಿ ಕೊಟ್ಟುಬಿಡುತ್ತಿದ್ದ. ಹಳೇಬೀಡು, ಮಾದಿಹಳ್ಳಿ, ಸುತ್ತಲಿನ ಹಳ್ಳಿಗಳಲ್ಲಿ ಹಾರ ಹಾಕಿಸಿಕೊಂಡು ಗೋಡೆಯ ಮೇಲಿರುವ ಎಷ್ಟೋ ಮುಖಗಳು ಹೀಗೆ ಯಾರದೋ ಮದುವೆಯಿಂದ ಎದ್ದು ಬಂದವು. ಇದೊಂದು ವಿಷಯದಲ್ಲಿ ಅವನಿಗೆ ಜಂಬ ಇತ್ತು, ಇರಲಿ ಬಿಡಿ, ಇರಬೇಕಾದ್ದೇ.

ದೇವೀರಮ್ಮ ಮಾತ್ರ ಕಟ್ಟು ಹಾಕಿಸಲು ಬಂದವಳಲ್ಲ. ಮಾದಿಹಳ್ಳಿಯ ರೈತರ ಮನೆಯವಳು. ಅವಳ ಒಬ್ಬಳೇ ಮಗಳು ಹೇಮಾಶ್ರೀ ಒಂಬತ್ತನೇ ವಯಸ್ಸಿಗೆ ಜ್ವರ ಬಂದು ಎಂಟೇ ದಿನಕ್ಕೆ ಹೋಗಿಬಿಟ್ಟಳು. ಅದಕ್ಕೆ ಒಂದು ತಿಂಗಳ ಮೊದಲು ಆ ಊರಿನ ಮದುವೆಯೊಂದರಲ್ಲಿ ಕರಿಬಸವಯ್ಯ ಊಟದ ಪಂಕ್ತಿಯ ಫೋಟೋ ತೆಗೆಯುವಾಗ, ಹೊಸ ಕ್ಯಾಮೆರಾದ ಗುಂಡಿ ತಪ್ಪಿ ಒತ್ತಿ ವಿಡಿಯೋ ಆಗಿಬಿಟ್ಟಿತ್ತು. ಹನ್ನೊಂದು ಸೆಕೆಂಡು. ಅದರಲ್ಲಿ ಹೇಮಾಶ್ರೀ ಹಳದಿ ಕೊಳವೆ ಸಂಡಿಗೆಗಳನ್ನು ಐದೂ ಬೆರಳಿಗೆ ಸಿಕ್ಕಿಸಿಕೊಂಡು ಕೂತಿದ್ದಾಳೆ. “ಫೋಟೋ ಮಾಮ, ನಂದೂ ತೆಗೀರಿ” ಅನ್ನುತ್ತಾಳೆ, ಒಂದು ಬೆರಳಿನದನ್ನು ಕಟುಮ್ ಅಂತ ಕಚ್ಚಿ ಜೋರಾಗಿ ನಗುತ್ತಾಳೆ. ಅಷ್ಟೇ.

ಮಗು ಹೋದ ಮೇಲೆ ತಂದೆ ನಂಜುಂಡಯ್ಯ ಅವಳ ಬಟ್ಟೆ, ಪುಸ್ತಕ, ಫೋಟೋ ಎಲ್ಲ ಸುಟ್ಟುಹಾಕಿದ. ಅವಳ ಹೆಸರೆತ್ತಿದರೆ ಎರಡು ದಿನ ಊಟ ಬಿಡುತ್ತಿದ್ದ. ಪಕ್ಷದ ಹಬ್ಬದಲ್ಲಾದರೂ ಮಗುವಿಗೆ ಒಂದು ಎಡೆ ಇಡೋಣ ಅಂದರೆ ದೇವೀರಮ್ಮನ ಅತ್ತೆ ಬಿಡಲಿಲ್ಲ. ಎಡೆ ಇಡೋದು ಹಿರೀಕರಿಗೆ, ಮಕ್ಕಳಿಗಲ್ಲ ಅಂದಳು. ಆ ಮಾತು ದೇವೀರಮ್ಮನಿಗೆ ಒಳಗೊಳಗೇ ಹಿತವಾಯಿತು. ಎಡೆ ಇಟ್ಟರೆ ಮಗಳು ಹೋದಳು ಅಂತ ಒಪ್ಪಿಕೊಂಡ ಹಾಗೆ ಅಲ್ಲವೇ? ಹಾಗಾಗಿ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ, ಕರಿದ ಕಜ್ಜಾಯ ಕಟ್ಟಿಕೊಂಡು, ಹಳೇಬೀಡಿನಿಂದ ಸಂತೆ ಸಾಮಾನು ತರುತ್ತೇನೆ ಅಂತ ಸುಳ್ಳು ಹೇಳಿ ಸ್ಟುಡಿಯೋಗೆ ಬರುತ್ತಿದ್ದಳು. ಕಜ್ಜಾಯವನ್ನು ಕರಿಬಸವಯ್ಯನ ಕೈಗೆ ಕೊಟ್ಟು, “ಒಂದ್ಸಲ ಹಾಕಿ ಅಯ್ನೋರೆ” ಅನ್ನುತ್ತಿದ್ದಳು. ಅವನು ವಿಡಿಯೋ ಹಾಕಿ ಬೀದಿಯ ಕಡೆ ತಿರುಗಿ ನಿಲ್ಲುತ್ತಿದ್ದ. ಐದು ಸಲ, ಹತ್ತು ಸಲ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು ಅವಳು ಹೊರಟುಹೋಗುತ್ತಿದ್ದಳು.

“ಫೋನಿಗೆ ಹಾಕ್ಕೊಡ್ಲಾ ದೇವೀರಮ್ಮ?” ಅಂತ ಒಮ್ಮೆ ಕೇಳಿದ್ದ.

“ಬ್ಯಾಡಿ. ಯಜಮಾನ್ರು ಕಂಡ್ರೆ ಎದೆ ಒಡ್ಕತಾರೆ. ನಿಮ್ತಾವೇ ಇರ್ಲಿ. ನಿಮ್ತಾವ ಇದ್ರೆ ನಂಗೆ ಧೈರ್ಯ” ಅಂದಿದ್ದಳು.

ಮಿಕ್ಕ ದಿನಗಳಲ್ಲಿ ಕರಿಬಸವಯ್ಯ ಆ ಫೈಲನ್ನು ತೆರೆಯುತ್ತಿರಲಿಲ್ಲ. ಅದು ಆ ತಾಯಿಯದು, ತನಗೇನು ಹಕ್ಕು ಅನ್ನುವುದು ಅವನ ಮರ್ಯಾದೆ.

ಈ ವರ್ಷ ಆಷಾಢದಲ್ಲಿ ಹಳೆಯ ಮೂರು ಡಿಸ್ಕುಗಳ ಪೈಕಿ ಒಂದು ಟಕ್ ಟಕ್ ಅಂತ ಸದ್ದು ಮಾಡತೊಡಗಿತು. ಹೇಮಾಶ್ರೀ ಇದ್ದದ್ದು ಅದರಲ್ಲೇ. ಕರಿಬಸವಯ್ಯ ಕೂಡಲೇ ಅದರ ವೈರು ಕಿತ್ತ. ಬಸ್ಸು ಹತ್ತಿ ಅರಸೀಕೆರೆಗೆ ಹೋಗಿ ಕಂಪ್ಯೂಟರ್ ರಿಪೇರಿಯ ಧರ್ಮೇಶನನ್ನು ಕೇಳಿದ.

“ಎಸ್ಸೆಸ್‌ಡಿ ತಗೊಳ್ಳಿ ಅಯ್ನೋರೆ. ಒಳಗೆ ತಿರುಗೋ ತಟ್ಟೆ ಇಲ್ಲ, ಸದ್ದಿಲ್ಲ, ಬಿದ್ರೂ ಪರ್ವಾಗಿಲ್ಲ, ಫೋಟೋ ಸರ್ರಂತ ಹೋಗ್ತವೆ. ನಿಮ್ಮ ಮೂರು ಡಿಸ್ಕಿನದೂ ನಾಕು ಟಿಬಿ ಒಂದ್ರಲ್ಲಿ ಹಿಡೀತದೆ. ಒಳ್ಳೆ ಕಂಪನಿದು ತರಿಸ್ಕೊಡ್ತೀನಿ. ಆದ್ರೆ ಒಂದಲ್ಲ, ಎರಡು ತಗೊಳ್ಳಿ. ಒಂದ್ರಲ್ಲಿ ಇರೋದೇ ಇನ್ನೊಂದ್ರಲ್ಲೂ ಇರ್ಲಿ.”

ಎರಡು! ಕರಿಬಸವಯ್ಯನಿಗೆ ಅಲ್ಲೇ ಮೈ ಉರಿಯಿತು. ಒಂದು ಮಾರುವ ಬದಲು ಎರಡು ಮಾರಲು ಹೊರಟಿದ್ದಾನೆ ಕಳ್ಳ ಅಂತ ಮನಸ್ಸಿನಲ್ಲೇ ಬೈದುಕೊಂಡ. ಬಾಣಾವರ, ಜಾವಗಲ್ ದಾಟುವಷ್ಟು ಹೊತ್ತೂ ಬಸ್ಸಿನಲ್ಲಿ ಕೂತು ಫೋನು ಒತ್ತುತ್ತಾ ಬಂದ. ಹಳೇಬೀಡು ಬರುವಷ್ಟರಲ್ಲಿ ಸಿಕ್ಕೇಬಿಟ್ಟಿತು: ಹದಿನಾರು ಟಿಬಿ, ಅತಿ ವೇಗದ ಎಸ್ಸೆಸ್‌ಡಿ, ಅಂಗೈಯಷ್ಟು, ಬೆಳ್ಳಿ ಬಣ್ಣ. ಬೆಲೆ ಧರ್ಮೇಶ ಹೇಳಿದ್ದರ ಕಾಲು ಭಾಗವೂ ಇಲ್ಲ. ಹೆಸರು ಕೇಳದ ಕಂಪನಿ, ಆದರೆ ಐದು ನಕ್ಷತ್ರ. ಇನ್ನೇನು ಬೇಕು?

“ಅಷ್ಟು ದೊಡ್ಡದ ಅಷ್ಟು ಅಗ್ಗಕ್ಕೆ ಯಾಕ್ರೀ ಕೊಡ್ತಾರೆ?” ಅಂದಳು ಬಸಮ್ಮ, ಬೆಳ್ಳುಳ್ಳಿ ಸುಲಿಯುತ್ತಾ.

“ನಿಂಗೇನ್ ಗೊತ್ತಾಯ್ತದೆ, ಸುಮ್ನಿರು” ಅಂದ.

ಬಸಮ್ಮ ಓದಿದ್ದು ನಾಲ್ಕನೇ ಕ್ಲಾಸು. ಇಡೀ ವ್ಯವಹಾರದಲ್ಲಿ ಕೇಳಬೇಕಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ಡಬ್ಬಿ ಬಂತು. ಜೋಡಿಸಿದರೆ ಕಂಪ್ಯೂಟರ್ ಕೂಡ ಹದಿನಾರು ಟಿಬಿ ಅಂತಲೇ ತೋರಿಸಿತು. ಆರು ದಿನ ಕೂತು ಮೂರೂ ಡಿಸ್ಕು ಬರಿದು ಮಾಡಿದ. ಕಟ್, ಪೇಸ್ಟ್. ಅತಿ ವೇಗ ಅಂದದ್ದು ಎತ್ತಿನ ಗಾಡಿಯ ಹಾಗೆ ಹೋಯಿತು, ಅದಕ್ಕೆ ತನ್ನ ಹಳೆಯ ಕಂಪ್ಯೂಟರನ್ನೇ ಬೈದ. ಮುಗಿದ ಮೇಲೆ ಮೊದಲನೇ ಮದುವೆಯ ಫೋಲ್ಡರು ತೆಗೆದು ನೋಡಿದ, ಫೋಟೋಗಳು ನಿಚ್ಚಳವಾಗಿ ಬಂದವು. ಮಿಕ್ಕ ಸಾವಿರಾರು ಹೆಸರುಗಳೂ ಸಾಲಾಗಿ ಇದ್ದವು. ‘ಹೇಮಾ ಮಾದಿಹಳ್ಳಿ’ ಅನ್ನುವುದೂ ಇತ್ತು. ಅದನ್ನು ತೆರೆಯಲಿಲ್ಲ. ಅಯ್ಯೋ ಮಾರಾಯ, ಒಂದು ಸಲ ಒತ್ತಿ ನೋಡಬಾರದಿತ್ತೇ! ನೋಡಲಿಲ್ಲ, ಅವನ ಮರ್ಯಾದೆ ಅಡ್ಡ ಬಂತು.

ಹಳೆಯ ಡಿಸ್ಕುಗಳನ್ನು ಏನು ಮಾಡುವುದು? ಇಷ್ಟು ವರ್ಷ ಸತ್ತವರ ಮುಖಗಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದವು. ಗುಜರಿಗೆ ಹಾಕಿ ಯಾರೋ ಸುತ್ತಿಗೆಯಲ್ಲಿ ಚಚ್ಚುವುದನ್ನು ನೆನೆದರೆ ಅವನಿಗೆ ಸಂಕಟವಾಯಿತು. ಗಾಜು ಒಡೆದ ದೇವರ ಪಟವನ್ನು ನಾವು ಏನು ಮಾಡುತ್ತೇವೆ? ನೀರಿಗೆ ಬಿಡುತ್ತೇವೆ. ಅದನ್ನೇ ಮಾಡಿದ. ಮೂರನ್ನೂ ಒರೆಸಿ, ವಿಭೂತಿ ಇಟ್ಟು, ಎರಡು ಹೂವು ಹಾಕಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ತೇಲದಿರಲಿ ಅಂತ ಒಂದು ಕಲ್ಲನ್ನೂ ಸೇರಿಸಿ, ದ್ವಾರಸಮುದ್ರದ ಕೆರೆ ಏರಿಯ ಮೇಲಿಂದ ನೀರಿಗೆ ಹಾಕಿ ಕೈ ಮುಗಿದು ಬಂದ. ಮನಸ್ಸು ಹಗುರವಾಯಿತು ಅಂತ ಬಸಮ್ಮನ ಹತ್ತಿರ ಹೇಳಿಕೊಂಡ.

ಅಮಾವಾಸ್ಯೆಗೆ ಎಂಟು ದಿನ ಇದೆ ಅನ್ನುವಾಗ ಯಾರೋ ತೀರಿಕೊಂಡ ತಾತನ ಮುಖ ಕೇಳಿಕೊಂಡು ಬಂದರು. ಮದುವೆ ನೆನಪಾಯಿತು, ಫೋಲ್ಡರು ಸಿಕ್ಕಿತು, ಫೋಟೋ ತೆರೆಯಲಿಲ್ಲ. ಇನ್ನೊಂದು ಒತ್ತಿದ. ಇನ್ನೊಂದು. ಕೊನೆಗೆ ‘ಹೇಮಾ ಮಾದಿಹಳ್ಳಿ’ಯನ್ನೂ ಒತ್ತಿದ. ಕಪ್ಪು ಚೌಕ ಬಂತು, ಅಷ್ಟೇ. ಬಂದವರನ್ನು ಅಲ್ಲೇ ಬಿಟ್ಟು ಅರಸೀಕೆರೆ ಬಸ್ಸು ಹತ್ತಿದ.

ಧರ್ಮೇಶ ಆ ಬೆಳ್ಳಿ ಡಬ್ಬಿಯನ್ನು ಸ್ಕ್ರೂ ಡ್ರೈವರಿನಿಂದ ಮೀಟಿ ಬಿಚ್ಚಿದ. ಒಳಗೆ ಉಗುರಿನಷ್ಟು ಒಂದು ಮೆಮೊರಿ ಕಾರ್ಡು, ಅಂಟು ಹಾಕಿ ಕೂರಿಸಿದ್ದು.

“ಅರವತ್ನಾಕು ಜಿಬಿ ಕಾರ್ಡು ಅಯ್ನೋರೆ. ಹದಿನಾರು ಟಿಬಿ ಅಂತ ಕಂಪ್ಯೂಟರ್‌ಗೆ ಸುಳ್ಳು ಹೇಳ್ತದೆ. ಮೊದ್ಲು ಹಾಕಿದ್ದು ಒಂಚೂರು ಉಳೀತದೆ. ಆಮೇಲಿಂದಕ್ಕೆ ಬರೀ ಹೆಸ್ರು ಬರ್ಕೊಂಡು ಕೂರ್ತದೆ, ಒಳಗೆ ಏನೂ ಇರಲ್ಲ.”

ಕರಿಬಸವಯ್ಯ ಆ ಕಾರ್ಡನ್ನು ಬೆರಳಿನಿಂದ ಮುಟ್ಟಿ ನೋಡಿದ.

“ಹೆದರ್ಬೇಡಿ” ಅಂದ ಧರ್ಮೇಶ. “ಹಳೇ ಡಿಸ್ಕು ತನ್ನಿ. ಕಟ್ ಮಾಡಿದ್ರೂ ಅದ್ರೊಳಗೆ ಉಳ್ದಿರ್ತದೆ, ಸಾಫ್ಟ್‌ವೇರ್ ಹಾಕಿ ತೆಗ್ದುಕೊಡ್ತೀನಿ. ಡಿಸ್ಕು ಇಟ್ಟಿದೀರಿ ತಾನೇ?”

ಕರಿಬಸವಯ್ಯ ಎದ್ದು ಹೊರಗೆ ಬಂದ. ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಕೊನೆಗೆ ವಿಷಯ ತಿಳಿದ ಧರ್ಮೇಶ ನಗಲೂ ಇಲ್ಲ, ಬೈಯಲೂ ಇಲ್ಲ. “ಸಿಕ್ಕಿದ್ರೆ ನೀರಲ್ಲಿ ನೆಂದಿದ್ರೂ ತನ್ನಿ” ಅಂದ, ಅಷ್ಟೇ.

ಮೀನು ಹಿಡಿಯುವ ಇಬ್ಬರನ್ನು ಕರೆದುಕೊಂಡು ನಾಲ್ಕು ದಿನ ಕೆರೆಯಲ್ಲಿ ಹುಡುಕಿಸಿದ. ಈ ಸಲ ಮಳೆ ಚೆನ್ನಾಗಿ ಆಗಿ ಕೆರೆ ತುಂಬಿತ್ತು. ಮೇಲಾಗಿ ಗಣೇಶನನ್ನು ಬಿಟ್ಟು ಎರಡು ವಾರವಷ್ಟೇ ಆಗಿತ್ತು, ತಳವೆಲ್ಲ ಕೆಸರು. ಮುಳುಗಿದವರು ಗಣೇಶನ ಹಲಗೆ ತಂದರು, ಗಾಜಿಲ್ಲದ ಪಟಗಳನ್ನು ತಂದರು, ಒಂದು ಹಿತ್ತಾಳೆ ಚೊಂಬು ತಂದರು. ಬಿಳಿ ಗಂಟು ಬರಲಿಲ್ಲ. ಅಷ್ಟು ಜೋಪಾನವಾಗಿ ಕಲ್ಲು ಕಟ್ಟಿದ್ದ ತನ್ನ ಕೈಯನ್ನೇ ಕರಿಬಸವಯ್ಯ ಏರಿಯ ಮೇಲೆ ಕೂತು ನೋಡಿಕೊಂಡ. ಐದನೇ ದಿನ ಅವರು, “ಸಾಕು ಬಿಡಿ ಅಯ್ನೋರೆ” ಅಂದು ಹೊರಟುಹೋದರು.

ಅಮಾವಾಸ್ಯೆಯ ಹಿಂದಿನ ದಿನ ಬಾಗಿಲು ಹಾಕಿಕೊಂಡು ಎಲ್ಲಾದರೂ ಹೋಗಿಬಿಡೋಣ ಅಂತ ಅವನು ಚಪ್ಪಲಿ ಮೆಟ್ಟಿದ. ಬಸಮ್ಮ ಬಿಡಲಿಲ್ಲ. “ಹಂಗೆ ಮಾಡ್ಬೇಡಿ. ಆಯಮ್ಮ ಬಂದು ಬಿಸ್ಲಲ್ಲಿ ನಿಂತ್ಕತಾಳೆ. ಹೋಗಿ ಕೂತ್ಕೊಂಡು ನಿಜ ಹೇಳಿ” ಅಂದಳು.

ಹನ್ನೊಂದು ಗಂಟೆಗೆ ದೇವೀರಮ್ಮ ಬಂದಳು. ತಲೆಗೂದಲು ಪೂರಾ ಬೆಳ್ಳಗಾಗಿತ್ತು. ಕೈಯಲ್ಲಿ ಪೇಪರಿನ ಪೊಟ್ಟಣ. ಕರೆಂಟಿಲ್ಲ ಅಂದುಬಿಡೋಣ ಅಂದುಕೊಂಡಿದ್ದ ಕರಿಬಸವಯ್ಯನ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಎಲ್ಲವನ್ನೂ ಹೇಳಿದ. ಕೆರೆಯ ವಿಷಯವನ್ನೂ ಬಿಡಲಿಲ್ಲ.

ಅವಳಿಗೆ ಅರ್ಥವಾಗಲಿಲ್ಲ. “ಹೆಸ್ರು ಐತೆ ಅಂದ್ರಲ್ಲ. ಹೆಸ್ರು ಇದ್ಮೇಲೆ ಅವಳೂ ಇರ್ತಾಳೆ. ಒತ್ತಿ” ಅಂದಳು.

ಧರ್ಮೇಶ ಮತ್ತೆ ಮುಚ್ಚಿಕೊಟ್ಟಿದ್ದ ಡಬ್ಬಿಯನ್ನು ಕರಿಬಸವಯ್ಯ ಜೋಡಿಸಿ ಒತ್ತಿದ. ಕಪ್ಪು ಚೌಕ.

“ಇನ್ನೊಂದ್ಸಲ.”

ಒತ್ತಿದ.

“ಇನ್ನೊಂದ್ಸಲ ಒತ್ತಿ ಅಯ್ನೋರೆ.”

ಮೂರನೇ ಸಲವೂ ಕಪ್ಪೇ. ದೇವೀರಮ್ಮ ಕೂಗಾಡಲಿಲ್ಲ. ಶಾಪ ಹಾಕಿದ್ದರೆ ಕರಿಬಸವಯ್ಯ ಬದುಕಿಕೊಳ್ಳುತ್ತಿದ್ದ. ಅವಳು ಕಣ್ಣು ಮುಚ್ಚಿಕೊಂಡು, ಬಲಗೈ ಎತ್ತಿ ಐದೂ ಬೆರಳು ಅಗಲಿಸಿ, “ಫೋಟೋ ಮಾಮ ಅಂತಾಳೆ... ನಂದೂ ತೆಗೀರಿ ಅಂತಾಳೆ... ಆಮೇಲೆ...” ಅಂದು ತಡೆದಳು. ಕಣ್ಣು ಬಿಟ್ಟಳು.

“ಯಾವ ಬೆರಳಿಂದು ಕಚ್ಚಿದ್ಲು ಅಯ್ನೋರೆ? ಕಿರುಬೆರಳಿಂದಾ, ಈ ಬೆರಳಿಂದಾ?”

ಕರಿಬಸವಯ್ಯ ಮತ್ತೆ ಆ ಕಪ್ಪು ಚೌಕದ ಕಡೆ ನೋಡಿದ.

“ನೀವೂ ಇಲ್ಲೇ ಇರ್ತಿದ್ರಲ್ಲ ವರ್ಷಾ ವರ್ಷಾ. ಹೇಳಿ.”

“ನಾನು ನೋಡ್ತಿರ್ಲಿಲ್ಲ ತಾಯಿ” ಅಂದ. “ಆ ಕಡೆ ತಿರುಗಿ ನಿಂತಿರ್ತಿದ್ದೆ.”

ಊರಿನ ಮುಖಗಳೆಲ್ಲ ತನ್ನ ಹತ್ತಿರ ಇವೆ ಅಂತ ಜಂಬ ಪಟ್ಟವನಿಗೆ ಆ ಒಂದು ಮುಖ ಕಣ್ಣಿಗೆ ಬರಲಿಲ್ಲ. ಹಳದಿ ಸಂಡಿಗೆ ಬಂತು, ಬಾಳೆ ಎಲೆ ಬಂತು, ಮುಖ ಬರಲಿಲ್ಲ. ಅವಳ ಎದುರೇ ಬಿಕ್ಕಿ ಬಿಕ್ಕಿ ಅತ್ತ.

ದೇವೀರಮ್ಮ ಕೂತಲ್ಲೇ, ಅಗಲಿಸಿದ್ದ ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ಆಮೇಲೆ ಎದ್ದು, ಸೆರಗಿನ ತುದಿಯಿಂದ ಕಂಪ್ಯೂಟರಿನ ಮುಂದಿನ ಧೂಳು ಒರೆಸಿದಳು. ಪೊಟ್ಟಣ ಬಿಚ್ಚಿ ಪೇಪರನ್ನು ಹಾಸಿ, ಐದು ಕಜ್ಜಾಯಗಳನ್ನು ಆ ಕಪ್ಪು ಚೌಕದ ಮುಂದೆ ಒಂದೊಂದಾಗಿ ಇಟ್ಟಳು. ಕುಡಿಯಲು ಇಟ್ಟಿದ್ದ ಲೋಟದ ನೀರನ್ನು ಕಜ್ಜಾಯದ ಪಕ್ಕಕ್ಕೆ ಸರಿಸಿ ಇಟ್ಟು, ಕೈ ಮುಗಿದಳು.

“ಇಷ್ಟು ವರ್ಷ ಇವಳಿಗೆ ಎಡೆ ಇಕ್ಕಿರ್ಲಿಲ್ಲ” ಅಂದಳು. “ಇವತ್ತು ಇಕ್ಕಿದೀನಿ.”

ಮೆಟ್ಟಿಲಿಳಿದು ಬೇಲೂರು ಬಸ್ಸಿನ ಕಡೆ ನಡೆದಳು. ಮುಂದಿನ ವರ್ಷ ಬತ್ತೀನಿ ಅಂತ ಪ್ರತಿ ಸಲ ಹೇಳಿ ಹೋಗುವವಳು ಈ ಸಲ ಹೇಳಲಿಲ್ಲ.

ಸಂಜೆ ಬಸಮ್ಮ ಬಂದು ನೋಡಿದಾಗ ಕಜ್ಜಾಯ ಹಾಗೇ ಇತ್ತು. ಕರಿಬಸವಯ್ಯ ಕುರ್ಚಿ ಬಿಟ್ಟು ನೆಲದ ಮೇಲೆ, ಎಡೆಯ ಮುಂದೆ ಕೂತಿದ್ದ. ಈ ಸಲ ಅವನು ಬೀದಿಯ ಕಡೆ ತಿರುಗಿರಲಿಲ್ಲ.